ಏರಿಯ ಮೇಲೆ ನಿಂತವರು

ಹೋದ ಪೊಂಗಲ್ ಹಬ್ಬಕ್ಕೆ ಊರಿಗೆ ಹೊರಟಿದ್ದೆ. ಸೇಲಂನಿಂದ ಧರ್ಮಪುರಿ ತನಕ ಆರಾಮವಾಗಿ ಕೂತು ಬಂದೆ. ಅಲ್ಲಿ ಪಾಲಕೋಡಿನ ಬಸ್ಸಿಗೆ ಮಾತ್ರ ಹಬ್ಬದ ಜನವೆಲ್ಲ ಒಂದೇ ಬಾಗಿಲಿಗೆ ಮುತ್ತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ, ಅಷ್ಟರಲ್ಲಿ ಹಿಂದಿನಿಂದ ಒತ್ತಿದರು. ಯಾರದೋ ಮುಡಿಯ ಮಲ್ಲಿಗೆ ನನ್ನ ಭುಜಕ್ಕೂ ಬಸ್ಸಿನ ಬಾಗಿಲಿಗೂ ನಡುವೆ ಸಿಕ್ಕಿ ನಲುಗಿತು. ಆ ವಾಸನೆ, ಅದರ ಜೊತೆಗೆ ಬೆವರು, ಬೀಡಿ, ಯಾವುದೋ ಚೀಲದಲ್ಲಿ ಒಡೆದ ಟೊಮೇಟೊ ಎಲ್ಲ ಒಟ್ಟಿಗೆ ಮೂಗಿಗೆ ಬಡಿಯಿತು. ನನ್ನ ಬಾಯಿಂದ ಮಾತು ತಾನಾಗಿ ಬಂತು: "ತಳ್ಳಾದೀಂಗ, ತಳ್ಳಾದೀಂಗ." ತಳ್ಳಬೇಡಿ ಎನ್ನುವುದು ಬಸ್ಸು ಹತ್ತುವಲ್ಲಿ ಹೊಸ ಮಾತೇನಲ್ಲ. ಆದರೆ ನಾನು ಕೂಗಿದ ರೀತಿಗೆ ಕಂಡಕ್ಟರ್ ಬೆಚ್ಚಿ ತಿರುಗಿ ನೋಡಿದ. ನಾನು ಕೆಳಗಿಳಿದು, ಹೂವಿನ ಅಂಗಡಿಯ ಕಂಬ ಹಿಡಿದು ನಿಂತೆ. ಆ ಬಸ್ಸು ಹೋಯಿತು. ಅದರ ಹಿಂದಿನದೂ ಹೋಯಿತು.

ಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರು ನಾನು, ಮೊದಲು ಊರಿನಲ್ಲಿ, ಈಗ ಸೇಲಂನಲ್ಲಿ. ಮೈ ಗಟ್ಟಿ ಇದೆ, ಓಡಬಲ್ಲೆ. ಒಂದು ಬಸ್ಸಿನ ಬಾಗಿಲಲ್ಲಿ ಉಸಿರು ಕಟ್ಟುವಂಥ ಹೆಂಗಸಲ್ಲ. ಉಸಿರು ಕಟ್ಟಿಸಿದ್ದು ಬಸ್ಸಲ್ಲ, ನಾನಿನ್ನೂ ಊರಿನಲ್ಲೇ ಇದ್ದ ಆ ವರ್ಷ.

ನಮ್ಮೂರು ಪಾಲಕೋಡಿನ ಆಚೆ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಟೊಮೇಟೊ ಮಂಡಿಯಲ್ಲಿ ಎರಡೂ. ಊರಿನ ಪಡುವಣಕ್ಕೆ ಒಂದು ಹಳೆಯ ಕೆರೆ ಇತ್ತು. ನಾನು ಹುಟ್ಟುವ ಮೊದಲೇ ಹೂಳು ತುಂಬಿ ಬಯಲಾಗಿತ್ತು. ಆ ಬಯಲೇ ನಮ್ಮ ಫುಟ್ಬಾಲ್ ಗ್ರೌಂಡು. ತಮಿಳಿನಲ್ಲಿ ಏರಿ ಎಂದರೆ ಕೆರೆ, ನಮ್ಮ ಮಾತಿನಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ನಮ್ಮೂರಲ್ಲಿ ಇದಕ್ಕಾಗಿ ಯಾರೂ ಜಗಳ ಆಡಿದ್ದಿಲ್ಲ. "ಏರಿಗೆ ಓಗಾನ" ಎಂದರೆ ಮ್ಯಾಚ್ ನೋಡಲು ಹೋಗೋಣ ಎಂದೇ ಅರ್ಥ. ಆಡುವವರು ಅವರ ಏರಿಯಲ್ಲಿ ಆಡುತ್ತಿದ್ದರು, ನೋಡುವವರು ನಮ್ಮ ಏರಿಯ ಮೇಲೆ ನಿಲ್ಲುತ್ತಿದ್ದರು.

ನಿಲ್ಲುವುದೆಂದರೆ ಸುಮ್ಮನೆ ನಿಲ್ಲುವುದಲ್ಲ. ಪೊಂಗಲ್ ಮುಗಿದ ಮೇಲೆ ಟೂರ್ನಮೆಂಟು. ಮೆಟ್ಟೂರು, ಹೊಸೂರು, ಸೇಲಂ ಕಡೆಯ ತಂಡಗಳು ಬರುತ್ತಿದ್ದವು. ಬೆಳಗಿನ ಮಂಡಿ ಮುಗಿಸಿದ ಟೊಮೇಟೊ ಹಮಾಲರು ತಲೆಯ ಸಿಂಬೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬರುವರು. ಕಬ್ಬಿನ ಲಾರಿಯವರು ಕಾರ್ಖಾನೆಯ ಹೊರಗೆ ಲಾರಿಯನ್ನು ಸಾಲಿನಲ್ಲಿ ಬಿಟ್ಟು, ಕ್ಲೀನರನಿಗೆ ಒಪ್ಪಿಸಿ ಬರುವರು. ತೆಂಕಣ ತುದಿ ಹೆಂಗಸರದ್ದು. ಅಲ್ಲಿ ಕಡಲೆಕಾಯಿ ಬುಟ್ಟಿ, ಮಡಿಲಲ್ಲಿ ಕೂಸು, ಬಾಯಲ್ಲಿ ಬೈಗುಳ ಎಲ್ಲ ಇರುತ್ತಿದ್ದವು. ನಾನು ಫುಟ್ಬಾಲ್ ಕಲಿತದ್ದು ಆ ತುದಿಯಲ್ಲಿ ನಿಂತು. ಆಫ್‌ಸೈಡ್ ಎಂದರೇನೆಂದು ನನಗೆ ಮೊದಲು ಹೇಳಿಕೊಟ್ಟವಳು ಸೊಪ್ಪು ಮಾರುವ ಒಬ್ಬ ಅಜ್ಜಿ. ಅವಳು ಅದನ್ನು ಆಫ್‌ಸೈಡ್ ಎನ್ನುತ್ತಿರಲಿಲ್ಲ, "ಕಳ್ಳ ನಿಂತವ್ನೆ" ಎನ್ನುತ್ತಿದ್ದಳು.

ಆ ವರ್ಷದ ಟೂರ್ನಮೆಂಟಿಗೆ ಕಮಿಟಿಯವರು ಒಂದು ಹೊಸ ಕೆಲಸ ಮಾಡಿದರು. ಏರಿಯ ಬುಡದಲ್ಲಿ ಮೊದಲು ಬರೀ ಬೊಂಬು ಕಟ್ಟಿ ಹಗ್ಗ ಎಳೆಯುತ್ತಿದ್ದರು. ಅದನ್ನು ತೆಗೆದು ಎದೆಯುದ್ದದ ಕಬ್ಬಿಣದ ಜಾಲರಿ ಹಾಕಿಸಿದರು. ಜಾಲರಿಯ ಒಳಗೆ, ಗೆರೆಯ ಪಕ್ಕದಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ಅದಕ್ಕೆ ಟಿಕೆಟ್ ಇಟ್ಟರು. ಏರಿಯಿಂದ ಒಳಗೆ ಬರಲು ಒಂದು ಗೇಟು. ಏರಿಯ ಮೇಲಿನವರು ಕಳ್ಳತನದಲ್ಲಿ ಕುರ್ಚಿಗೆ ಬಂದು ಕೂರಬಾರದೆಂದು ಆಟ ಶುರುವಾಗುತ್ತಿದ್ದಂತೆ ಆ ಗೇಟಿಗೆ ಬೀಗ. ಕಮಿಟಿಯ ತಲೈವರು, ಅಂದರೆ ಅಧ್ಯಕ್ಷರು, ದೊರೆಸಾಮಿ. ನಮ್ಮ ಕಡೆಯವರೇ, ಕನ್ನಡದವರೇ, ದೂರದ ಸಂಬಂಧದಲ್ಲಿ ನನಗೆ ಮಾವ ಆಗಬೇಕು. ಮೈಕಿನಲ್ಲಿ ಮಾತ್ರ ಅಚ್ಚ ತಮಿಳು ಮಾತಾಡುವರು.

ಫೈನಲ್ಲಿನ ದಿನ ನಾನು ಹೆಂಗಸರ ತುದಿಯಲ್ಲಿದ್ದೆ. ನನ್ನ ಅಣ್ಣನ ಮಗಳು ರುಕ್ಮಿಣಿ ಏರಿಯ ಬುಡದಲ್ಲಿ, ಗೋಲಿನ ಹಿಂದೆ, ಜಾಲರಿಗೆ ಒತ್ತಿಕೊಂಡು ನಿಂತಿದ್ದಳು. ರುಕ್ಕು ನನ್ನ ಶಾಲೆಯ ತಂಡದ ಗೋಲ್‌ಕೀಪರ್ ಆಗಿದ್ದವಳು. ಆಗ ಸೇಲಂ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು, ಅಲ್ಲಿನ ತಂಡಕ್ಕೂ ಅವಳೇ ಕೀಪರ್. ಯಾವ ಮ್ಯಾಚಿಗೆ ಹೋದರೂ ಗೋಲಿನ ಹಿಂದೆಯೇ ನಿಲ್ಲುವಳು. ಕೀಪರನ ಕಾಲು ನೋಡಬೇಕು ಅತ್ತೆ, ಕೈ ಅಲ್ಲ, ಎನ್ನುವಳು.

ಹಿಂದಿನ ವಾರ ಕಾಲವಲ್ಲದ ಕಾಲದಲ್ಲಿ ಮಳೆ ಬಿದ್ದಿತ್ತು. ಏರಿಯ ಕೆಮ್ಮಣ್ಣು ಮೇಲೆ ಒಣಗಿ ಒಳಗೆ ಹಸಿ ಇತ್ತು. ಆಟ ಮುಗಿಯುವ ಹೊತ್ತಿಗೆ ನಮ್ಮೂರ ತಂಡ ಗೋಲು ಹೊಡೆದು ಸಮ ಮಾಡಿತು. ಏರಿಯ ಮೇಲಂಚಿನಲ್ಲಿದ್ದವರು ಕುಣಿದರು. ಕುಣಿದ ಕಾಲಡಿ ಮಣ್ಣು ಜಾರಿತು. ಜಾರಿದವರು ಮುಂದಿನವರ ಮೇಲೆ, ಅವರು ಅವರ ಮುಂದಿನವರ ಮೇಲೆ. ಮೇಲಿದ್ದವರಿಗೆ ಕೆಳಗೆ ಏನಾಗುತ್ತಿದೆ ಎಂದು ಗೊತ್ತಿರಲಿಲ್ಲ, ಅವರಿನ್ನೂ ಶಿಳ್ಳೆ ಹೊಡೆಯುತ್ತಿದ್ದರು. ನನ್ನ ಕಾಲು ನೆಲ ಬಿಟ್ಟಿತ್ತು. ನಾನು ಇಳಿಯುತ್ತಿರಲಿಲ್ಲ, ಜನ ನನ್ನನ್ನು ಇಳಿಸುತ್ತಿದ್ದರು. ಎದೆ ಹಿಗ್ಗಲು ಜಾಗವಿಲ್ಲದಿದ್ದರೆ ಕೂಗುವುದಕ್ಕೂ ಆಗುವುದಿಲ್ಲ ಎಂದು ಆವತ್ತು ಗೊತ್ತಾಯಿತು.

ಕುರ್ಚಿಯಲ್ಲಿದ್ದವರಲ್ಲಿ ಕೆಲವರು ಎದ್ದು ಗೇಟಿನ ಹತ್ತಿರ ಓಡಿ ಬಂದರು. "ಸಾವಿ ಎಂಗೇ, ಸಾವಿ ಎಂಗೇ" ಎಂದು ಕೂಗುತ್ತಿದ್ದರು. ತಮಿಳಿನಲ್ಲಿ ಸಾವಿ ಎಂದರೆ ಬೀಗದ ಕೈ, ಎಂಗೇ ಎಂದರೆ ಎಲ್ಲಿ. ಬಾಲ್ಯದಿಂದ ಕೇಳಿದ ಮಾತು. ಆ ಹೊತ್ತಿನಲ್ಲಿ ನನ್ನ ಕನ್ನಡದ ಕಿವಿಗೆ ಅದು ಬೇರೆಯೇ ಕೇಳಿಸಿತು.

ಬೀಗದ ಕೈ ಬರಲಿಲ್ಲ. ಕೊನೆಗೆ ಎರಡೂ ತಂಡದ ಆಟಗಾರರು ಸೇರಿ ಜಾಲರಿಯ ಒಂದು ಕಂಬವನ್ನು ಅಲ್ಲಾಡಿಸಿ ಕಿತ್ತರು. ಜನ ಗೋಣಿ ಒಡೆದ ರಾಗಿಯ ಹಾಗೆ ಒಳಕ್ಕೆ ಸುರಿದರು. ರುಕ್ಕು ಕುಸಿದಿದ್ದಳು, ಬದುಕಿದ್ದಳು. ಅವಳ ಮೇಲೆ ಮೊಣಕೈ ಮಡಚಿ ಗುಡಿಸಲಿನ ಹಾಗೆ ಬಾಗಿದ್ದವನು ಮಂಡಿಯ ಹಮಾಲಿ ಶಿವಣ್ಣ. ಅವನು ಅವಳ ಎರಡೂ ಪಕ್ಕಕ್ಕೆ ಜಾಲರಿಯನ್ನು ಹಿಡಿದು, ಬೆನ್ನನ್ನು ಜನಕ್ಕೆ ಕೊಟ್ಟು ನಿಂತಿದ್ದನಂತೆ. "ಕೂಗ್ಬೇಡ ಮಗ, ಉಸ್ರು ಮೆತ್ತಗೆ ಎಳ್ಕೊ, ಮೆತ್ತಗೆ" ಎನ್ನುತ್ತಿದ್ದನಂತೆ. ಆಮೇಲೆ ಅನ್ನುವುದನ್ನು ನಿಲ್ಲಿಸಿದನಂತೆ. ರುಕ್ಕುಗೆ ಕೊರಳ ಮೂಳೆ, ಪಕ್ಕೆಲುಬು ಮುರಿದವು. ಶಿವಣ್ಣ ಆಸ್ಪತ್ರೆಯ ಬಾಗಿಲನ್ನೂ ಕಾಣಲಿಲ್ಲ.

ಪೊಂಗಲ್ ಕಳೆದು ಬರುವ ಮಾಸಿ ತಿಂಗಳೆಲ್ಲ ಊರು ಒಂದೇ ಮಾತಾಡಿತು: ಇನ್ನು ಮೇಲೆ ನಿಂತು ನೋಡಬೇಕೋ, ಕೂತು ನೋಡಬೇಕೋ. ಟೀ ಅಂಗಡಿಯಲ್ಲಿ ಅದೇ, ಊರಿನ ವಾಟ್ಸಾಪ್ ಗುಂಪಿನಲ್ಲಿ ಅದೇ, ಮದುವೆ ಪಂಕ್ತಿಯಲ್ಲಿ ಅದೇ. ಯಾರು ಶುರು ಮಾಡಿದರೋ ಗೊತ್ತಿಲ್ಲ. ದೊರೆಸಾಮಿ ಮಾವನವರು ಶವಸಂಸ್ಕಾರದ ದಿನವೇ "ನಿಂತು ನೋಡೋದ್ರಿಂದ ಆದ ಅನಾಹುತ" ಎಂದಿದ್ದರು. ಮಾತು ಆ ದಾರಿಯಲ್ಲೇ ಹರಿಯಿತು.

ನಾನು ಕುರ್ಚಿಯ ಕಡೆ. ಇದನ್ನು ಮುಚ್ಚಿಡುವುದಕ್ಕೇನಿಲ್ಲ, ಈಗಲೂ ಪೂರ್ತಿ ಆ ಕಡೆಯಿಂದ ಬಂದಿಲ್ಲ. ನನ್ನ ಕಾಲು ನೆಲ ಬಿಟ್ಟದ್ದು ನನಗೆ ನೆನಪಿತ್ತು. ಕುರ್ಚಿ ಇದ್ದರೆ ಒಬ್ಬರಿಗೆ ಒಂದು ಜಾಗ, ಎಷ್ಟು ಕುರ್ಚಿಯೋ ಅಷ್ಟೇ ಜನ, ಹಿಂದಿನವರ ಭಾರ ಮುಂದಿನವರ ಮೇಲೆ ಬೀಳದು. ಕೂಸು ಎತ್ತಿಕೊಂಡ ಹೆಂಗಸು ಹೆದರದೆ ಬರಬಹುದು.

ರುಕ್ಕು ಏರಿಯ ಕಡೆ. ಯಾರೂ ನಿರೀಕ್ಷೆ ಮಾಡಿರಲಿಲ್ಲ. ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಮಲಗಿದ್ದ ಹುಡುಗಿ ಎಡಗೈಯಲ್ಲಿ ಮೊಬೈಲ್ ಹಿಡಿದು ನನಗೆ ದೂರದೂರದ ದೇಶಗಳ ಗ್ಯಾಲರಿ ತೋರಿಸುತ್ತಿದ್ದಳು. ಪ್ರತಿ ಮೆಟ್ಟಿಲಿಗೂ ಸೊಂಟದ ಎತ್ತರಕ್ಕೆ ಒಂದೊಂದು ಕಬ್ಬಿಣದ ಕಂಬಿ. ಜನ ಆ ಕಂಬಿ ಹಿಡಿದು, ಸಾಲುಸಾಲಾಗಿ, ಹಾಡುತ್ತ ನಿಂತಿದ್ದರು.

"ನೋಡತ್ತೆ," ಎಂದಳು. "ಜರ್ಮನಿನಲ್ಲಿ ಇವತ್ತೂ ನಿಂತ್ಕಂಡೇ ನೋಡ್ತಾರೆ. ಇಂಗ್ಲೆಂಡಲ್ಲಿ ಎಷ್ಟೋ ವರ್ಸ ನಿಲ್ಲೋದನ್ನೇ ತೆಗ್ದುಬುಟ್ಟಿದ್ರು. ಕುರ್ಚಿ ಆಕಿದ್ರೂ ಜನ ಕುರ್ಚಿ ಮುಂದೆ ನಿಂತ್ಕಂಡೇ ನೋಡ್ತಿದ್ರಂತೆ. ಈಗ ಅವ್ರೇ ಕಂಬಿ ಆಕಿ ನಿಲ್ಲಕ್ಕೆ ಬುಟ್ಟವ್ರೆ."

"ಅದು ಅವರ ದೇಶ ಕಣೆ. ಇಲ್ಲಿ ಯಾರು ಕಂಬಿ ಹಾಕಿಸ್ತಾರೆ?"

"ಕುರ್ಚಿ ಆಕ್ಸೋರು ಕಂಬಿ ಆಕ್ಸಬಾರ್ದಾ?"

"ಇಷ್ಟಾದ್ ಮೇಲೂ ನಿಂಗೆ ಅಲ್ಲಿ ನಿಲ್ಬೇಕಾ ರುಕ್ಕು?"

ಅವಳು ಮೊಬೈಲನ್ನು ಎದೆಯ ಮೇಲೆ ಮಗುಚಿಟ್ಟಳು. "ನಾನು ನಿಂತಿದ್ದಕ್ಕೆ ಬೀಳ್ನಿಲ್ಲ ಅತ್ತೆ. ಇಡ್ಕಳಕ್ಕೆ ಏನೂ ಇರ್ನಿಲ್ಲ, ಅದ್ಕೆ ಬಿದ್ದಿದ್ದು. ಮೇಲಿದ್ದೋರ್ಗೂ ಇರ್ನಿಲ್ಲ, ನಂಗೂ ಇರ್ನಿಲ್ಲ." ಆಮೇಲೆ, "ಕುರ್ಚಿ ಅಂದ್ರೆ ಟಿಕೆಟ್ಟು. ಮಂಡಿಯಿಂದ ಸೀದಾ ಬಂದ ಲುಂಗಿಯವ್ರನ್ನ ಆ ಕುರ್ಚಿ ಮೇಲೆ ಯಾರು ಕೂರುಸ್ತಾರೆ? ಶಿವಣ್ಣನ್ನ ಕೂರುಸ್ತಿದ್ರಾ?"

ನನ್ನ ಹತ್ತಿರ ಉತ್ತರ ಇತ್ತು. ಟಿಕೆಟ್ ಕಡಿಮೆ ಮಾಡಬಹುದು, ಹಿಂದಿನ ಸಾಲನ್ನು ಪುಕ್ಕಟೆ ಬಿಡಬಹುದು, ಎಂದೆಲ್ಲ ಹೇಳಿದೆ. ಹೀಗೆ ನಾವಿಬ್ಬರೂ ದಿನಗಟ್ಟಲೆ ಜಗಳವಾಡಿದೆವು. ಅಣ್ಣ ಹೊಲದಿಂದ ಬಂದವನು ಬಾಗಿಲಲ್ಲಿ ನಿಂತು ಕೇಳಿ, "ಮೊದ್ಲು ಕೈ ಎತ್ತೋದು ಕಲೀಲಿ, ಆಮೇಲೆ ನಿಲ್ಲೋದು ಕೂರೋದು ನೋಡಾನ" ಎಂದು ಒಳಗೆ ಹೋಗುವನು. ಅವಳ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಇನ್ನು ಏಳುವುದೂ ಇಲ್ಲ ಎಂದು ಸೇಲಂನ ಡಾಕ್ಟರು ಅಣ್ಣನಿಗೆ ಹೇಳಿದ್ದರು. ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು.

ಅವಳು ನಡೆಯುವಂತಾದ ಮೇಲೆ ಮೊದಲು ಕೇಳಿದ್ದು ಶಿವಣ್ಣನ ಹೆಂಡತಿಯನ್ನು ನೋಡಬೇಕೆಂದು. ಇಬ್ಬರೂ ಹೋದೆವು. ಕೆಂಪಮ್ಮ ಮಂಡಿಯ ಹಿಂದಿನ ಕೇರಿಯವಳು. ಮಂಡಿಯಲ್ಲೇ ಟೊಮೇಟೊ ಆರಿಸುವ ಕೆಲಸ. ನಾವು ಹೋದಾಗ ಕ್ರೇಟುಗಳ ನಡುವೆ ಕೂತು ದೋರೆಕಾಯಿ ಒಂದು ಕಡೆ, ಹಣ್ಣು ಒಂದು ಕಡೆ ಎಸೆಯುತ್ತಿದ್ದಳು. ರುಕ್ಕುವನ್ನು ನೋಡಿ ಕೈ ಸೆರಗಿಗೆ ಒರೆಸಿಕೊಂಡಳು. ಅಳಲಿಲ್ಲ. ರುಕ್ಕುವಿನ ಬಲಗೈ ಹಿಡಿದು ಮೆಲ್ಲಗೆ ಎತ್ತಿ ನೋಡಿದಳು. ಎಲ್ಲಿಯ ತನಕ ಏಳುತ್ತದೋ ಅಲ್ಲಿಯ ತನಕ ಎತ್ತಿ, ಇಳಿಸಿದಳು.

ನಾನೇ ಏನಾದರೂ ಹೇಳಬೇಕೆಂದು, "ಇನ್ನು ಮೇಲೆ ಹಂಗೆ ಆಗದ ಹಾಗೆ ಕುರ್ಚಿ ಹಾಕ್ಸಬೇಕು ಅಂತ ಮಾತಾಡ್ತಿದ್ದಾರೆ ಕೆಂಪಮ್ಮ. ಕಂಬಿ ಹಾಕಿ ನಿಲ್ಲಕ್ಕೇ ಬಿಡಬೇಕು ಅಂತ ಇವಳು ಹೇಳ್ತಾಳೆ. ನಿನಗೆ ಹೆಂಗನ್ನಿಸ್ತದೆ?" ಎಂದು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ಊರೆಲ್ಲ ಇದ್ನೇ ಕೇಳ್ತಾರೆ ಟೀಚರಮ್ಮ. ನಿಂತ್ಕಬೇಕಾ, ಕೂತ್ಕಬೇಕಾ. ನಮ್ಮನೆಯೋರು ನಿಂತಿದ್ದಕ್ಕೂ ಸಾಯ್ನಿಲ್ಲ, ಕೂತ್ಕಳ್ದೆ ಇದ್ದಿದ್ದಕ್ಕೂ ಸಾಯ್ನಿಲ್ಲ. ಗೇಟ್ಗೆ ಬೀಗ ಆಕಿದ್ರು. ತೆಗೀನಿಲ್ಲ. ಅದ್ಕೆ ಸತ್ರು. ಸಾವಿ ಯಾರತ್ರ ಇತ್ತು? ಅದೊಂದ ಯಾರೂ ಕೇಳಲ್ಲ."

ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ಕೂತಳು. ಅವಳ ಕೈ ಹಣ್ಣು ಎಸೆಯುವ ವೇಗ ಎಲ್ಲೂ ತಪ್ಪಲಿಲ್ಲ. ಬರುವಾಗ ದಾರಿಯುದ್ದಕ್ಕೂ ನಾವು ಜಗಳವಾಡಲಿಲ್ಲ.

ಏಪ್ರಿಲ್ ಕೊನೆಗೆ, ಚಿತ್ತಿರೈ ಬಿಸಿಲಿನಲ್ಲಿ, ಕಮಿಟಿಯವರು ಕಲ್ಯಾಣ ಮಂಟಪದಲ್ಲಿ ಸಭೆ ಕರೆದರು. ಮೇಲೆ ಫ್ಯಾನುಗಳು ಬಿಸಿ ಗಾಳಿಯನ್ನೇ ತಿರುಗಿಸುತ್ತಿದ್ದವು. ಹಮಾಲರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಕುರ್ಚಿ ಖಾಲಿ ಇದ್ದರೂ ಕೂತಿರಲಿಲ್ಲ. ದೊರೆಸಾಮಿ ಮಾವ ಮೈಕ್ ಹಿಡಿದು ತಮಿಳಿನಲ್ಲಿ ಶಿವಣ್ಣನ ತ್ಯಾಗವನ್ನು ಹೊಗಳಿದರು. ಇನ್ನು ಮುಂದೆ ಒಂದು ಜೀವವೂ ಹೋಗಬಾರದು ಎಂದರು. ಇವತ್ತಿನ ವಿಷಯ ಒಂದೇ, ಕೂರುವುದಾ ನಿಲ್ಲುವುದಾ, ಎರಡೂ ಕಡೆಯವರು ಮನಸ್ಸು ಬಿಚ್ಚಿ ಮಾತಾಡಲಿ ಎಂದರು. ನನಗೆ ಸಮಾಧಾನವೇ ಆಯಿತು. ಇಷ್ಟು ಚಂದವಾಗಿ ಸಭೆ ನಡೆಸುವವರು ನಮ್ಮೂರಲ್ಲಿ ಯಾರಿದ್ದಾರೆ ಅನ್ನಿಸಿತು.

ನನ್ನನ್ನು ಮೊದಲು ಕರೆದರು. ನಾನು ಕುರ್ಚಿಯ ಪರವಾಗಿ ಮಾತಾಡಿದೆ. ಕಾಲು ನೆಲ ಬಿಟ್ಟದ್ದನ್ನು ಹೇಳಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಆಮೇಲೆ ರುಕ್ಕು. ಅವಳು ಎಡಗೈಯಲ್ಲಿ ಮೈಕ್ ಹಿಡಿದು ಕಂಬಿಯ ವಿಷಯ ಹೇಳಿದಳು. ಎಷ್ಟು ಎತ್ತರ, ಎಷ್ಟು ಜನಕ್ಕೆ ಒಂದು ದಾರಿ, ಏರಿಯನ್ನು ಮೆಟ್ಟಿಲು ಕಡಿದು ಸಿಮೆಂಟು ಹಾಕಿದರೆ ಮಣ್ಣು ಹೇಗೆ ಜಾರುವುದಿಲ್ಲ ಎನ್ನುವುದನ್ನೆಲ್ಲ ಹೇಳಿದಳು. ಹಮಾಲರು ಶಿಳ್ಳೆ ಹೊಡೆದರು. ದೊರೆಸಾಮಿ ಮಾವ ಇಬ್ಬರನ್ನೂ ಹೊಗಳಿದರು. ಒಂದೇ ಮನೆಯ ಇಬ್ಬರು ಎರಡು ಕಡೆ, ಇದೇ ಜನನಾಯಕಂ, ಇದೇ ಪ್ರಜಾಪ್ರಭುತ್ವ ಎಂದರು. ಜನ ನಕ್ಕರು.

ಆಗ ಹೆಂಗಸರ ನಡುವಿಂದ ಕೆಂಪಮ್ಮ ಎದ್ದಳು. ಮೈಕ್ ಯಾರೂ ಕೊಡಲಿಲ್ಲ. ಮೈಕಿಲ್ಲದೆಯೇ ಕೇಳಿದಳು.

"ಗೇಟಿನ ಸಾವಿ ಯಾರತ್ರ ಇತ್ತು ಸಾಮಿ?"

ದೊರೆಸಾಮಿ ಮಾವ ತಲೆ ಬಾಗಿಸಿ ಕೇಳಿಸಿಕೊಂಡರು. ಮೈಕ್ ಪಕ್ಕಕ್ಕೆ ಸರಿಸಿ, ಬಹಳ ಮೃದುವಾಗಿ, "ಕೂತ್ಕಳಮ್ಮ. ನಿನ್ ದುಃಖ ನಮ್ಗೆ ಗೊತ್ತೈತೆ. ಅದು ಪೊಲೀಸ್ ವಿಷ್ಯ, ಅವ್ರು ನೋಡ್ಕತಾರೆ. ಇವತ್ತಿನ ವಿಷ್ಯ ಕೂರೋದಾ ನಿಲ್ಲೋದಾ" ಎಂದರು.

ಅವಳು ಕೂರಲಿಲ್ಲ. "ಅದ್ನೇ ಕೇಳ್ತಿರದು. ಬೀಗ ತೆಗ್ದಿದ್ರೆ ನಿಂತಿದ್ರೂ ಬದುಕ್ತಿದ್ರು. ನಾಳೆ ಕೂತಿದ್ರೂ ಬೀಗ ಆಕಿದ್ರೆ ಸಾಯ್ತಾರೆ. ಯಾರತ್ರ ಇತ್ತು?"

"ಅಮ್ಮ, ವಿಷ್ಯಕ್ಕೆ ಬಾ."

ರುಕ್ಕು ಎದ್ದು ನಿಂತಳು. ಅವಳೂ ಅದನ್ನೇ ಕೇಳಿದಳು. ಅದಕ್ಕೂ ಅದೇ ಮೃದುವಾದ ಉತ್ತರ: ವಿಷಯಕ್ಕೆ ಬಾ ಮಗ. ಮಂಟಪದಲ್ಲಿ ಕೂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಒಂದಿಬ್ಬರು, ಹೌದಮ್ಮ, ವಿಷಯ ಅದಲ್ಲ, ಎಂದರು. ಅವರು ಕೆಟ್ಟವರಲ್ಲ. ತಿಂಗಳುಗಟ್ಟಲೆ ಕೂರುವುದು ನಿಲ್ಲುವುದು ಎಂದು ಮಾತಾಡಿ ಮಾತಾಡಿ, ಆ ಎರಡನ್ನು ಬಿಟ್ಟು ಬೇರೆ ವಿಷಯ ಇದೆ ಎಂಬುದೇ ಅವರ ತಲೆಯಿಂದ ಹೋಗಿತ್ತು. ನಾನೂ ಅವರಲ್ಲಿ ಒಬ್ಬಳು. ನಮ್ಮ ಮನೆಯ ಜಗಳ, ಜರ್ಮನಿ, ಇಂಗ್ಲೆಂಡು, ನನ್ನ ಚಪ್ಪಾಳೆ, ರುಕ್ಕುವಿನ ಶಿಳ್ಳೆ, ಎಲ್ಲವನ್ನೂ ಮೈಕ್ ಹಿಡಿದಿದ್ದ ಆ ಮನುಷ್ಯ ಒಂದು ಪರದೆಯ ಹಾಗೆ ಎಳೆದು ತನ್ನ ಮುಂದೆ ಕಟ್ಟಿಕೊಂಡಿದ್ದ. ಅದು ನನಗೆ ಅಲ್ಲಿ, ಆ ಸೆಕೆಯಲ್ಲಿ, ಒಂದೇ ಸಲ ಕಂಡಿತು. ನಾನು ಎದ್ದೆ.

"ಮಾವ, ನಾನು ಕುರ್ಚಿ ಕಡೆಯವಳೇ. ಕುರ್ಚಿ ಹಾಕ್ಸಿ. ಆದ್ರೆ ಬೀಗದ ಕೈ ಯಾರ ಹತ್ರ ಇತ್ತು ಅಂತ ಹೇಳಿ."

ಕನ್ನಡದಲ್ಲಿ ಕೇಳಿದ್ದೆ. ಅವರು ನನ್ನನ್ನು ನೋಡಿದರು. ಅಲ್ಲಿಯ ತನಕ ಇದ್ದ ಮೃದುತನ ಇರಲಿಲ್ಲ. ಮೈಕನ್ನು ಬಾಯಿಯ ಹತ್ತಿರ ತಂದು ತಮಿಳಿನಲ್ಲಿ, "ಕುರ್ಚಿಗೆ ಒಪ್ಪಿಗೆ ಇರೋರು ಕೈ ಎತ್ತಿ" ಎಂದರು. ಕೈಗಳು ಎದ್ದವು. ಎಣಿಸಿದ ಹಾಗೆ ಮಾಡಿದರು. "ಕೂಟ್ಟಂ ಮುಡಿಂಜುದು," ಎಂದರು. ಸಭೆ ಮುಗಿಯಿತು.

ಪೊಲೀಸರು ಏನು ನೋಡಿಕೊಂಡರು ಎಂದರೆ, ಜನರ ನೂಕುನುಗ್ಗಲಿನಿಂದ ಆದ ಆಕಸ್ಮಿಕ ಎಂದು ಮುಗಿಸಿದರು. ಕೆಂಪಮ್ಮ ಸ್ಟೇಷನ್ನಿಗೆ ಹೋಗಿ ಗೇಟಿನ ಮಾತು ಹೇಳಿ ಬಂದಳು. ಕೇಳಿಕೊಂಡರಂತೆ, ನೀರು ಕೊಟ್ಟರಂತೆ. ರುಕ್ಕು ಧರ್ಮಪುರಿಯ ದೊಡ್ಡ ಆಫೀಸುಗಳಿಗೆ ಓಡಾಡಿದಳು. ಕಂಬ ಕಿತ್ತ ಆಟಗಾರರಲ್ಲಿ ಒಬ್ಬ, ಗೇಟಿಗೆ ಬೀಗ ಇದ್ದದ್ದನ್ನು ನೋಡಿದ್ದೇನೆ ಎಂದು ಮೊದಲು ಹೇಳಿದವನು ಆಮೇಲೆ ಫೋನ್ ಎತ್ತುವುದನ್ನು ಬಿಟ್ಟ. ಮುಂದಿನ ವರ್ಷದ ತಂಡಕ್ಕೆ ಆಯ್ಕೆ ಮಾಡುವವರೂ ಕಮಿಟಿಯವರೇ.

ಜುಲೈ ಹೊತ್ತಿಗೆ, ಆಡಿ ತಿಂಗಳಲ್ಲಿ, ಜೆಸಿಬಿ ಬಂತು. ಏರಿಯನ್ನು ಅರ್ಧಕ್ಕೂ ಕೆಳಗೆ ಕತ್ತರಿಸಿದರು. ಆ ಮಣ್ಣು ಯಾವುದೋ ಲೇಔಟಿಗೆ ಹೋಯಿತು. ಆಗ ನಾನು ಸ್ಕೂಲಿಗೆ ಹೋಗುತ್ತಿದ್ದ ದಾರಿ ಅದು. ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ಕಡಿಮೆ ಆಗುತ್ತಿತ್ತು. ಸೊಪ್ಪಿನ ಅಜ್ಜಿ ನಿಲ್ಲುತ್ತಿದ್ದ ಜಾಗದಲ್ಲಿ ಒಂದು ದಿನ ಬೇರುಗಳು ನೇತಾಡುತ್ತಿದ್ದವು, ಮಾರನೆಯ ದಿನ ಅವೂ ಇರಲಿಲ್ಲ. ದೀಪಾವಳಿ ಹೊತ್ತಿನ ಐಪ್ಪಸಿ ಮಳೆ ಬಂದಾಗ ಎಷ್ಟೋ ವರ್ಷದಿಂದ ಏರಿ ತಡೆದು ನಿಲ್ಲಿಸುತ್ತಿದ್ದ ನೀರು ನೇರ ಮಂಡಿಯ ಹಿಂದಿನ ಕೇರಿಗೆ ನುಗ್ಗಿತು. ಕೆಂಪಮ್ಮನ ಮನೆಯ ಒಲೆ ಮುಳುಗಿತು. ನಾವು ಹೋಗಿ ನೋಡಿದಾಗ ಅವಳು ಟೊಮೇಟೊ ಕ್ರೇಟು ಮಗುಚಿ ಅದರ ಮೇಲೆ ಅಕ್ಕಿ ಡಬ್ಬ ಇಡುತ್ತಿದ್ದಳು. "ಕೆರೆನಾದ್ರೂ ನೆಪ್ಪು ಮಡಿಕಂಡೈತೆ," ಎಂದಳು.

ಏರಿ ಇದ್ದ ಕಡೆ ಕಬ್ಬಿಣದ ಗ್ಯಾಲರಿ ಎದ್ದಿತು. ನೀಲಿ ಕುರ್ಚಿ, ಮೇಲೆ ತಗಡು, ಎರಡು ಪಕ್ಕಕ್ಕೂ ಎತ್ತರದ ಗೋಡೆ. ನಾನು ಬಯಸಿದ್ದು ಅದೇ ಅಲ್ಲವೆ. ಸುತ್ತ ನಡೆದು ನೋಡಿದೆ. ಒಳಗೆ ಹೋಗಲು, ಹೊರಗೆ ಬರಲು, ಎರಡಕ್ಕೂ ಇದ್ದದ್ದು ಒಂದೇ ಗೇಟು. ಬಣ್ಣ ಹೊಡೆಯುತ್ತಿದ್ದವನನ್ನು ಇನ್ನೊಂದು ಗೇಟು ಎಲ್ಲಿ ಎಂದು ಕೇಳಿದೆ. ಅವನು, "ಇವ್ವಳವುದಾನ್ ಮೇಡಂ" ಎಂದ. ಇಷ್ಟೇ. ಟಿಕೆಟ್ ಇಲ್ಲದ ಹಿಂದಿನ ಸಾಲು ಎಂದು ನಾನು ಅಂದುಕೊಂಡದ್ದು ಎಲ್ಲೂ ಇರಲಿಲ್ಲ.

ಪೊಂಗಲ್ ಬಂತು, ಟೂರ್ನಮೆಂಟು ಬಂತು. ಉದ್ಘಾಟನೆಗೆ ನನ್ನ ಶಾಲೆಯ ಹುಡುಗಿಯರ ಪ್ರದರ್ಶನ ಪಂದ್ಯ ಇಟ್ಟಿದ್ದರು. ಹುಡುಗಿಯರು ಮೈದಾನಕ್ಕೆ ಇಳಿಯುವ ಅವಕಾಶ ವರ್ಷಕ್ಕೆ ಒಂದೇ ಸಲ, ನಾನು ಬೇಡ ಎನ್ನಲಿಲ್ಲ. ಶಿವಣ್ಣನ ನೆನಪಿಗೆ ಗೌರವ ಎಂದು ಕೆಂಪಮ್ಮನನ್ನೂ ರುಕ್ಕುವನ್ನೂ ಮೊದಲ ಸಾಲಿಗೆ ಕರೆದಿದ್ದರು. ರುಕ್ಕು ಹೋಗುವುದಿಲ್ಲ ಎಂದು ಕೂತಿದ್ದಳು. ಕೆಂಪಮ್ಮನೇ ಮನೆಗೆ ಬಂದು ಎಬ್ಬಿಸಿದಳು. "ಬಾ ಮಗ. ಕರ್ದವ್ರೆ, ಓಗಾನ. ನಾವು ಅವ್ರ ಮಕ ನೋಡಾನ, ಅವ್ರು ನಮ್ ಮಕ ನೋಡ್ಲಿ." ಮದುವೆಗೆ ಹೊರಟವಳ ಹಾಗೆ ಒಗೆದು ಮಡಿಸಿಟ್ಟ ಸೀರೆ ಉಟ್ಟಿದ್ದಳು.

ನಾನು ಮೈದಾನದ ನಡುವೆ ಹುಡುಗಿಯರ ಸಾಲಿನ ತುದಿಯಲ್ಲಿ ನಿಂತು ಗ್ಯಾಲರಿಯ ಕಡೆ ನೋಡುತ್ತಿದ್ದೆ. ಅಂಗಡಿಯವರು, ಆಫೀಸಿನವರು, ಬೈಕಿನಲ್ಲಿ ಬಂದ ಹುಡುಗರು ಕೂತಿದ್ದರು. ಅರ್ಧ ಕುರ್ಚಿ ಖಾಲಿ ಇತ್ತು. ಹಮಾಲರು ಒಬ್ಬರೂ ಇರಲಿಲ್ಲ. ಗೋಡೆಯಾಚೆ ರಸ್ತೆಯಲ್ಲಿ ನಿಲ್ಲಿಸಿದ ಕಬ್ಬಿನ ಲಾರಿಗಳ ಮೇಲೆ ಕೆಲವರು ಹತ್ತಿ ನಿಂತಿದ್ದರು, ಪೊಲೀಸಿನವನು ಲಾಠಿಯಿಂದ ಲಾರಿಯ ತಗಡು ಬಡಿದು ಅವರನ್ನು ಇಳಿಸುತ್ತಿದ್ದ. ಮೊದಲೆಲ್ಲ ಈ ಹೊತ್ತಿಗೆ ಏರಿಯ ಮೇಲಿನ ಗದ್ದಲಕ್ಕೆ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ. ಆವತ್ತು ಯಾರೋ ಗ್ಯಾಲರಿಯಲ್ಲಿ ಕೆಮ್ಮಿದ್ದು ನನಗೆ ಮೈದಾನದ ನಡುವೆ ಕೇಳಿಸಿತು.

ದೊರೆಸಾಮಿ ಮಾವ ಮಾತಾಡಿದರು. ಶಿವಣ್ಣನನ್ನು ಮತ್ತೆ ಹೊಗಳಿದರು. ಈ ಗ್ಯಾಲರಿ ಅವನಿಗೆ ಸಲ್ಲಿಸುವ ಅಂಜಲಿ ಎಂದರು. ಆಮೇಲೆ ಮೈಕಿನವನು ತಮಿಳಿನಲ್ಲಿ ಹೇಳಿದ: ಅಗಲಿದ ಜೀವಕ್ಕಾಗಿ ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲಬೇಕು.

ಗ್ಯಾಲರಿ ಎದ್ದು ನಿಂತಿತು. ಕುರ್ಚಿಗಳು ಮಡಚಿಕೊಳ್ಳುವ ಸದ್ದು ಸಾಲಿನಿಂದ ಸಾಲಿಗೆ ಹೋಯಿತು. ವೇದಿಕೆಯವರು ನಿಂತರು, ಪೊಲೀಸಿನವನು ಲಾಠಿ ಕಂಕುಳಲ್ಲಿಟ್ಟು ನಿಂತ, ನಾನೂ ನನ್ನ ಹುಡುಗಿಯರೂ ನಿಂತೇ ಇದ್ದೆವು. ಮೊದಲ ಸಾಲಿನಲ್ಲಿ ಕೆಂಪಮ್ಮ ಎದ್ದಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಅವಳ ಪಕ್ಕದಲ್ಲಿ ರುಕ್ಕು ಏಳಲು ಹೋಗಿ, ಅವಳನ್ನು ನೋಡಿ, ಮತ್ತೆ ಕೂತಳು. ಕಮಿಟಿಯ ಒಬ್ಬರು ಬಾಗಿ ಕೆಂಪಮ್ಮನ ಕಿವಿಯಲ್ಲಿ ಏನೋ ಹೇಳಿದರು. ಅವಳು ದನಿ ತಗ್ಗಿಸಲಿಲ್ಲ. ಆ ಮೌನದಲ್ಲಿ ಅವಳ ಮಾತು ಮೈದಾನದ ತನಕ ಬಂತು.

"ಕೂತ್ಕಳಕ್ಕೆ ಅಂತ ತಾನೆ ಕಟ್ಟಿರದು. ಕೂತಿವ್ನಿ."

ನಿಮಿಷ ಮುಗಿಯಿತು. ಎಲ್ಲರೂ ಕೂತರು. ಆಗ ಅವರಿಬ್ಬರೂ ಎದ್ದರು. ಕೆಂಪಮ್ಮ ಮುಂದೆ, ಅವಳ ಹಿಂದೆ ಬಲಗೈಯನ್ನು ಎಡಗೈಯಲ್ಲಿ ಹಿಡಿದ ರುಕ್ಕು, ಜನರ ಮೊಣಕಾಲುಗಳನ್ನು ದಾಟಿ ಆ ಒಂದೇ ಗೇಟಿನ ಕಡೆ ಹೊರಟರು. ಮೈಕಿನವನು ಯಾರೆಂದು ನೋಡದೆ, ದಯವಿಟ್ಟು ಎಲ್ಲರೂ ಕೂತುಕೊಳ್ಳಿ ಎಂದು ಹೇಳಿದ. ಮತ್ತೊಮ್ಮೆ ಹೇಳಿದ. ಅವರು ಕೂರಲಿಲ್ಲ. ನಿಲ್ಲಲೂ ಇಲ್ಲ.